ಬಾಲ ಎಲ್ಲಿ ಅಂಟುತ್ತದೆ?

ಸ್ವಿಟ್ಜರ್ಲೆಂಡಿನ ವಾಲಿಸ್‌ನಲ್ಲಿ ರೋನ್ ಕಣಿವೆಯ ಮೇಲ್ಭಾಗ ಜರ್ಮನ್ ಆಡುತ್ತದೆ, ಕೆಳಭಾಗ ಫ್ರೆಂಚ್. ನಾವಿರುವ ಫಿಸ್ಪ್‌ನಿಂದ ರೈಲು ಹತ್ತಿ ಸಾಲ್ಗೆಶ್ ದಾಟಿದರೆ ಸಿಯೆರ್ ಬರುತ್ತದೆ. ನಡುವೆ ಇರುವ ಪುಟ್ಟ ಹೊಳೆಯೇ ಭಾಷೆಯ ಗಡಿ. ಈಚೆ ಅಂಗಡಿಯಲ್ಲಿ ಕೆಂಪು ವೈನಿಗೆ ‘ರೋಟ್‌ವೈನ್’, ಆಚೆ ‘ವ್ಯಾಂ ರೂಜ್’. ಜರ್ಮನ್ ನಮ್ಮ ಹಾಗೆ ಬಣ್ಣ ಮೊದಲು ಹೇಳುತ್ತದೆ, ಫ್ರೆಂಚ್ ಆಮೇಲೆ. ಫ್ರೆಂಚಿನಲ್ಲಿ ಜಾಗ ಬದಲಾದರೆ ಅರ್ಥವೂ ಬದಲಾಗುವುದುಂಟು. ‘ಮೇಜ಼ೋಂ ಆನ್ಸಿಯೆನ್’ ಅಂದರೆ ಹಳೇ ಕಾಲದ ಮನೆ. ‘ಮೊನ್ ಆನ್ಸಿಯೆನ್ ಮೇಜ಼ೋಂ’ ಅಂದರೆ ನಾನು ಮೊದಲಿದ್ದ ಮನೆ, ಅದು ಹೊಸದೇ ಇರಬಹುದು.

ಆದರೆ ಕನ್ನಡದವರಿಗೆ ನಿಜವಾದ ತಲೆನೋವು ಗುಣವಾಚಕದ ಬಾಲ, ಅಂದರೆ ಅದರ ಕೊನೆಗೆ ಅಂಟುವ ಪ್ರತ್ಯಯ. ನಮ್ಮಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ನಾಯಿ, ಏನೂ ಬದಲಾಗುವುದಿಲ್ಲ. ವಾಕ್ಯದ ಕೊನೆಗೆ ಬಂದಾಗ ಮಾತ್ರ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು. (ಅದು ನಾಮಪದ ಅಂತ ವ್ಯಾಕರಣದ ಮೇಷ್ಟ್ರು ಗದರಬಹುದು, ಇರಲಿ.) ಜರ್ಮನ್ ಸರಿಯಾಗಿ ಉಲ್ಟಾ. ‘ಆಲ್ಟ್’ ಅಂದರೆ ವಯಸ್ಸಾದ. ‘ಐನ್ ಆಲ್ಟರ್ ಮಾನ್’ ಒಬ್ಬ ಮುದುಕ, ‘ದೇರ್ ಆಲ್ಟೆ ಮಾನ್’ ಆ ಮುದುಕ. ಹಿಂದಿನ ಪುಟ್ಟ ಪದ ಬದಲಾದರೆ ಬಾಲವೂ ಬದಲು. ಅದೇ ‘ದೇರ್ ಮಾನ್ ಇಸ್ಟ್ ಆಲ್ಟ್’ ಅನ್ನುವಾಗ ಬಾಲವೇ ಇಲ್ಲ, ಹೆಂಗಸಾದರೂ ಅಷ್ಟೇ. ಫ್ರೆಂಚ್ ಲ್ಯಾಟಿನ್ನಿನಿಂದ ಬಂದ ಲಿಂಗ, ವಚನಗಳನ್ನು ನಾಮಪದದ ಪಕ್ಕದಲ್ಲೂ ವಾಕ್ಯದ ಕೊನೆಯಲ್ಲೂ ಉಳಿಸಿಕೊಂಡಿದೆ. ಜರ್ಮನ್ನಿನ ದಾಯಾದಿ ಇಂಗ್ಲಿಷ್ ಎಲ್ಲವನ್ನೂ ಕಳೆದುಕೊಂಡು ಆರಾಮಾಗಿದೆ.

ಮಜಾ ಇರುವುದು ನಮ್ಮೂರಿನ ಆಡುಮಾತಿನಲ್ಲಿ. ಕ್ಲಾಸಿನಲ್ಲಿ ಕಲಿತದ್ದನ್ನು ಇಲ್ಲಿನ ಹಿರಿಯರು ಸುಮ್ನೆ ಮುರಿಯುತ್ತಾರೆ. ಅವನು ‘ಆಲ್ಟೆ’, ಅವಳು ‘ಆಲ್ಟಿ’, ಅದು ‘ಆಲ್ಟ್ಸ್’: ವಾಕ್ಯದ ಕೊನೆಯಲ್ಲೂ ಬಾಲ! ನಮ್ಮ ಕಿವಿಗೆ ಇದೇ ಸಲೀಸು, ಅಲ್ವಾ?

ಫ್ರೆಂಚ್ ನೆರೆಹೊರೆಯ ಪ್ರಭಾವ ಅಂತ ಕೆಲವರು ಹೇಳುತ್ತಾರೆ. ನನಗೆ ಅದೊಂದೇ ಕಾರಣ ಅನ್ನಿಸುವುದಿಲ್ಲ. ಸಾವಿರ ವರ್ಷ ಹಿಂದಿನ ಹಳೆಯ ಜರ್ಮನ್ನಿನಲ್ಲಿ ಹೀಗೆ ಕೊನೆಯಲ್ಲಿ ಬಾಲ ಹಚ್ಚಿಯೂ ಹೇಳಬಹುದಿತ್ತು, ಹಚ್ಚದೆಯೂ ಹೇಳಬಹುದಿತ್ತು. ಬಯಲುಸೀಮೆ ಬಿಟ್ಟದ್ದನ್ನು ಬೆಟ್ಟದವರು ಬಿಡಲಿಲ್ಲ. ಮಧ್ಯಯುಗದಲ್ಲಿ ಇಲ್ಲಿಂದ ಪೂರ್ವದ ಗ್ರಾವುಬುಂಡೆನ್‌ಗೆ ಗುಳೆ ಹೋದ ವಾಲ್ಸರ್ ಜನರೂ ಆ ಬಾಲವನ್ನು ಜೊತೆಗೇ ಒಯ್ದರು. ಆದರೆ ಅಲ್ಲಿನ ನೆರೆಯವರದು ರೊಮಾನ್ಶ್, ಅದೂ ಲ್ಯಾಟಿನ್ನಿನ ಮಗಳೇ. ಹಾಗಾಗಿ ಜಗಳ ಇನ್ನೂ ಬಗೆಹರಿದಿಲ್ಲ.