ಕುಡಿದಿರಲಿಲ್ಲ, ಮಾತ್ರೆ ಏರಿತ್ತು

ತಮ್ಮ ಕುಡಿಯೋಕೆ ಶುರು ಮಾಡಿದ್ದಾನೆ ಅಂತ ಊರಲ್ಲಿ ಮಾತೆದ್ದಿತ್ತು. ಪಾಂಡವಪುರದ ಹತ್ತಿರದ ನಮ್ಮೂರಲ್ಲಿ ಇಂಥ ಸುದ್ದಿ ಹಬ್ಬೋಕೆ ಒಂದು ಸಂಜೆ ಸಾಕು. ಗದ್ದೆ ಬದುವಿನ ಮೇಲೆ ಅವನು ತೂರಾಡುತ್ತಿದ್ದದ್ದು ನಿಜ, ಮಾತು ತೊದಲುತ್ತಿದ್ದದ್ದೂ ನಿಜ. ಆದರೆ ಅವನು ಒಂದು ತೊಟ್ಟೂ ಮುಟ್ಟಿದವನಲ್ಲ. ಅವನಿಗೆ ಫಿಟ್ಸ್ ಇದೆ. ಫೆನಿಟಾಯಿನ್ ಮಾತ್ರೆ ತಗೋತಾನೆ. ನಡುವೆ ಮತ್ತೆ ಫಿಟ್ಸ್ ಬಂತು ಅಂತ ದಿನಕ್ಕೆ 300 ಮಿಲಿಗ್ರಾಂ ಇದ್ದದ್ದನ್ನು 400ಕ್ಕೆ ಏರಿಸಿದ್ದರು.

ಮೈಸೂರಿಗೆ ಕರೆದುಕೊಂಡು ಹೋದೆ. ನರರೋಗದ ಡಾಕ್ಟರು ಅವನ ಮುಖದ ಮುಂದೆ ಬೆರಳು ಹಿಡಿದು ನಿಧಾನಕ್ಕೆ ಪಕ್ಕಕ್ಕೆ ಸರಿಸಿದರು. ಕಣ್ಣುಗುಡ್ಡೆ ಬೆರಳಿನ ಜೊತೆಗೇ ಹೋಯಿತು. ಅಂಚಿಗೆ ಬಂದಾಗ ಮಾತ್ರ ನಿಲ್ಲಲಾರದೆ ಪಟಪಟ ಅದುರಿತು. ಆಮೇಲೆ ನೆಲದ ಟೈಲ್ಸ್ ಗೆರೆ ಮೇಲೆ, ಹಿಮ್ಮಡಿ ಮುಂದೆ ಹಿಮ್ಮಡಿ ಇಟ್ಟು ನಡಿಯಪ್ಪಾ ಅಂದರು. ಎರಡು ಹೆಜ್ಜೆ ಇಟ್ಟವನು ಗೋಡೆ ಹಿಡಿದುಕೊಂಡ. ನನಗೆ ಕರುಳು ಹಿಂಡಿದಂತಾಯಿತು.

ರಕ್ತ ಪರೀಕ್ಷೆ ಬಂತು. ಒಂದು ಮಿಲಿಲೀಟರ್ ರಕ್ತದಲ್ಲಿ ಈ ಔಷಧ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಸರಿ. ಇವನದು 34. ಲ್ಯಾಬಿನ ಹುಡುಗ, 'ಮರೆತು ಎರಡೆರಡು ಸಲ ನುಂಗಿರಬೇಕು' ಅಂದ. ಅಮ್ಮ ದಿನಾ ಊಟ ಆದಮೇಲೆ ತನ್ನ ಕೈಯಾರೆ ಮಾತ್ರೆ ಕೊಡುತ್ತಾಳೆ. ಆ ಮಾತು ಕೇಳಿ ನನಗೆ ಸಿಟ್ಟೇ ಬಂತು.

ಡಾಕ್ಟರು ಬಿಡಿಸಿ ಹೇಳಿದರು. ಫೆನಿಟಾಯಿನ್ ಅನ್ನು ಹೆಚ್ಚಾಗಿ ಒಡೆದು ಹೊರಹಾಕೋದು ಲಿವರಿನ ಸಿವೈಪಿ2ಸಿ9 ಅನ್ನೋ ಕಿಣ್ವ. ಅದರ ಕೆಲಸಕ್ಕೊಂದು ಮಿತಿ ಇದೆ. ತೂಬಿನ ಅಳತೆ ಅಷ್ಟೇ ಇದ್ದು ನಾಲೆಯಲ್ಲಿ ನೀರು ಜಾಸ್ತಿ ಬಿಟ್ಟರೆ ಕಟ್ಟಿಕೊಳ್ಳುತ್ತದಲ್ಲ, ಹಾಗೆ. ಆ ಮಿತಿ ಮುಟ್ಟಿದ ಮೇಲೆ ಮಾತ್ರೆ ಸ್ವಲ್ಪ ಏರಿಸಿದರೂ ರಕ್ತದಲ್ಲಿ ಮಟ್ಟ ಸಿಕ್ಕಾಪಟ್ಟೆ ಏರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವ ನಿಧಾನ. ಜೀನ್ ಪರೀಕ್ಷೆಯಲ್ಲಿ ತಮ್ಮನಿಗೆ ಅಂಥ ನಿಧಾನದ ಜೀನ್ ಒಂದು ಬಂದಿರೋದು ಗೊತ್ತಾಯಿತು. ಇನ್ನೊಂದು ಮಾಮೂಲಿಯದು. ಎರಡೂ ನಿಧಾನದವಾಗಿದ್ದರೆ ಇನ್ನೂ ಕಡಿಮೆ ಮಾತ್ರೆ ಸಾಕಾಗುತ್ತಿತ್ತಂತೆ.

'ನಮ್ಮ ವಂಶದಲ್ಲೇ ದೋಷ ಇದೆಯಾ?' ಅಂತ ಅಮ್ಮ ಕಣ್ಣೀರು ಹಾಕಿದಳು. 'ಇದು ರೋಗ ಅಲ್ಲಮ್ಮ, ಫಿಟ್ಸ್ ಬಂದಿದ್ದೂ ಇದರಿಂದಲ್ಲ. ಇಂಥ ಔಷಧ ತಗೊಳ್ಳದೇ ಇದ್ದಿದ್ದರೆ ಗೊತ್ತೇ ಆಗ್ತಿರಲಿಲ್ಲ' ಅಂದರು ಡಾಕ್ಟರು.

ಮಾತ್ರೆ ಕಡಿಮೆ ಮಾಡಿದ ಮೇಲೆ ನಡಿಗೆ ನೆಟ್ಟಗಾಯಿತು. ಅದನ್ನೂ ಡಾಕ್ಟರು ಹೇಳಿದ ಹಾಗೇ ಇಳಿಸಿದ್ದು. ಸುಮ್ನೆ ನಾವೇ ನಿಲ್ಲಿಸಿದ್ದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದಿತ್ತು. ಎಲ್ಲರಿಗೂ ಜೀನ್ ಪರೀಕ್ಷೆ ಬೇಕು ಅಂತ ನಾನು ಹೇಳೋದಿಲ್ಲ. ಆದರೆ ಈ ಮಾತ್ರೆ ಏರಿಸಿದ ಮೇಲೆ ಯಾರಾದರೂ ತೂರಾಡಿದರೆ ರಕ್ತದಲ್ಲಿನ ಮಟ್ಟ ನೋಡಲೇಬೇಕು. ಊರವರು ಏನೋ ಅನ್ನೋ ಮೊದಲೇ ನೋಡಬೇಕು.

ಹೊರಡುವಾಗ ಡಾಕ್ಟರು ಇನ್ನೊಂದು ಕೇಳಿದರು: ಮನೆಯಲ್ಲಿ ಯಾರಾದರೂ ವಾರ್ಫರಿನ್ ತಗೋತಾರಾ? ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಆ ಮಾತ್ರೆಯನ್ನೂ ಒಡೆಯೋದು ಇದೇ ಕಿಣ್ವವಂತೆ. ಹೃದಯದ ವಾಲ್ವ್ ಹಾಕಿಸಿಕೊಂಡ ಸೋದರತ್ತೆ ನೆನಪಾದರು. ಬಸ್ ಸ್ಟ್ಯಾಂಡಿನಿಂದಲೇ ಫೋನ್ ಮಾಡಿ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ತಮ್ಮನ ರಿಪೋರ್ಟೂ ಜೊತೆಗೆ ತಗೊಂಡು ಹೋಗಿ ಅಂತ ಹೇಳಿದೆ.