ಇಂಪ್ಲಾಂಟನ್ನು ದೇಹ ‘ರಿಜೆಕ್ಟ್’ ಮಾಡಿತು ಅನ್ನುವ ಮುನ್ನ

ಹಲ್ಲಿನ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಬೇರಿನ ಬದಲು ದವಡೆಯ ಮೂಳೆಗೆ ಬಿಗಿಯುವ ತಿರುಪು, ಅಲ್ಲಾಡಿ ಹೊರಬಂದರೆ ‘ಬಾಡಿ ರಿಜೆಕ್ಟ್ ಮಾಡ್ತು’ ಅಂದುಬಿಡುತ್ತಾರೆ, ಕೆಲವು ಡೆಂಟಿಸ್ಟರೂ ಸೇರಿ. ಕಿಡ್ನಿ ಕಸಿಯ ಮಾತು ಅದು. ಟೈಟೇನಿಯಂ ತಿರುಪಿನಲ್ಲಿ ಬೇರೊಬ್ಬರ ಜೀವಕೋಶ ಇರುವುದಿಲ್ಲ.

ಮೂಳೆಗೆ ತಾಗುವುದು ಬರಿಯ ಲೋಹವೂ ಅಲ್ಲ. ಗಾಳಿ ಸೋಕಿದ ಕೂಡಲೇ ಟೈಟೇನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ರಕ್ತ ತಾಗಿದ ಸೆಕೆಂಡುಗಳಲ್ಲಿ ಫೈಬ್ರಿನೋಜನ್‌ನಂಥ ಪ್ರೋಟೀನುಗಳು ಅದಕ್ಕೆ ಅಂಟುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ, ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಬಂದು ತಡವಿ ನೋಡುತ್ತವೆ. ಆಮೇಲೆ ಮೂಳೆ ಬೆಳೆದು ಸುತ್ತುವರಿಯುತ್ತದೆ. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ಕೂರಿಸಿದ್ದ ಟೈಟೇನಿಯಂ ಸಾಧನ ಕೀಳಲು ಬಾರದೆ ಹೋದದ್ದು ಇದಕ್ಕೇ. 1965ರ ಹೊತ್ತಿಗೆ ಅದು ಮನುಷ್ಯರ ದವಡೆಗೆ ಬಂತು.

ನಾಜೂಕಿನ ಹೊತ್ತು ಮೂರನೇ ವಾರದ ಆಸುಪಾಸು. ಮೊದಲ ದಿನ, ಸಾಮಾನ್ಯವಾಗಿ 35 ನ್ಯೂಟನ್-ಸೆಂಟಿಮೀಟರ್ ಟಾರ್ಕ್‌ನಲ್ಲಿ ಬಿಗಿದಾಗ ಸಿಗುವುದು ಗೋಡೆಗೆ ಸ್ಕ್ರೂ ಕಚ್ಚಿದಂಥ ಹಿಡಿತ. ಆಮೇಲೆ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಪೆಟ್ಟುತಿಂದ ಹಳೆಯ ಮೂಳೆಯನ್ನು ಕರಗಿಸುತ್ತವೆ, ಹೊಸದು ಇನ್ನೂ ಎಳಸು. ಹಾಗಾಗಿ ಎರಡರಿಂದ ನಾಲ್ಕನೇ ವಾರದ ನಡುವೆ ಹಿಡಿತ ಅತಿ ಕಡಿಮೆ. ಆಗ ಸುಮಾರು 150 ಮೈಕ್ರೋಮೀಟರ್, ಅಂದರೆ ಎರಡು ಕೂದಲೆಳೆಯಷ್ಟು, ಮತ್ತೆ ಮತ್ತೆ ಅಲುಗಿದರೆ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆಯುತ್ತದೆ. ಅಷ್ಟರಲ್ಲಿ ನೋವು ಹೋಗಿರುತ್ತದೆ, ರೋಗಿ ಚಕ್ಕುಲಿಗೆ ಕೈ ಹಾಕಿರುತ್ತಾರೆ.

ಇನ್ನೊಂದು ಶತ್ರು, ಮೂಳೆ ಕೊರೆಯುವಾಗ ಏಳುವ ಬಿಸಿ. 47 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷ ನಿಂತರೆ ಮೂಳೆಗೆ ಏಟು. ಕೆಳದವಡೆಯ ಮುಂಭಾಗದ ಗಟ್ಟಿ ಮೂಳೆ, ಮೊಂಡಾದ ಡ್ರಿಲ್, ತಂಪು ಮಾಡಲು ಸಾಲದ ಸಲೈನ್ (ಉಪ್ಪುನೀರು): ಮೂರೂ ಕೂಡಿದರೆ ಕೆಲವೇ ವಾರಗಳಲ್ಲಿ ಇಂಪ್ಲಾಂಟ್ ಸಡಿಲ. ಆಗ ಬೈಸಿಕೊಳ್ಳುವುದು ಮಾತ್ರ ‘ಅಲರ್ಜಿ’. ಟೈಟೇನಿಯಂ ಅಲರ್ಜಿ ತೀರಾ ಅಪರೂಪ, ಅದಕ್ಕೆ ಚರ್ಮದ ಮೇಲೆ ಮಾಡುವ ಪ್ಯಾಚ್ ಟೆಸ್ಟ್ ನಂಬುವಂಥದ್ದೂ ಅಲ್ಲ.

‘ಮೆಟಲ್-ಫ್ರೀ’ ಅನ್ನುವ ಸೆರಾಮಿಕ್ ಇಂಪ್ಲಾಂಟ್ ಜಿರ್ಕೋನಿಯಾಕ್ಕೂ ಮೂಳೆ ಚೆನ್ನಾಗಿಯೇ ಕೂಡುತ್ತದೆ, ತೆಳು ವಸಡಿನಲ್ಲಿ ಬೂದು ಬಣ್ಣ ಕಾಣುವುದಿಲ್ಲ. ಆದರೆ ಬಾಗದ ವಸ್ತು. ಬಾಯಲ್ಲೇ ಬರ್ (ಡ್ರಿಲ್ಲಿನ ಉಜ್ಜುವ ತುದಿ) ಹಿಡಿದು ಉಜ್ಜಿದರೆ ಸೂಕ್ಷ್ಮ ಬಿರುಕು ಬಿಡಬಹುದು.

ವರ್ಷಗಳು ಕಳೆದ ಮೇಲೆ ಕಾಡುವುದು ವಸಡು. ಸಹಜ ಹಲ್ಲಿನಲ್ಲಿ ವಸಡಿನ ನಾರುಗಳು ಬೇರಿನೊಳಕ್ಕೇ ನಾಟಿರುತ್ತವೆ. ಇಂಪ್ಲಾಂಟ್ ಪಕ್ಕದಲ್ಲಿ ಅವು ಸಮಾನಾಂತರವಾಗಿ ಹಾದುಹೋಗುತ್ತವೆ ಅಷ್ಟೆ, ಬ್ಯಾಕ್ಟೀರಿಯಾಕ್ಕೆ ದಾರಿ ಸಲೀಸು. ಇಂಪ್ಲಾಂಟ್ ಮೇಲಿನ ಕೃತಕ ಹಲ್ಲು, ಅಂದರೆ ಕ್ರೌನ್, ಅಂಟಿಸುವಾಗ ವಸಡಿನಡಿ ಉಳಿದ ಚೂರು ಸಿಮೆಂಟ್ ಸಾಕು, ಸುತ್ತ ಕೀವು ಶುರುವಾಗಲು. ಬೀಡಿ, ಸಿಗರೇಟು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದನ್ನು ಬಿರುಸಾಗಿಸುತ್ತವೆ. ಹಲ್ಲು ಶುಚಿಗೊಳಿಸುವ ಸ್ಟೀಲ್ ತುದಿಯ ಸ್ಕೇಲರ್ ಇಂಪ್ಲಾಂಟ್ ಮೇಲ್ಮೈಯನ್ನು ಗೀಚುತ್ತದೆ; ಪ್ಲಾಸ್ಟಿಕ್ ತುದಿ ಇದೆಯೇ ಎಂದು ಮೊದಲೇ ಕೇಳಿ.

ಮೊದಲ ವರ್ಷ ಒಂದೂವರೆ ಮಿಲಿಮೀಟರ್‌ವರೆಗೆ, ಆಮೇಲೆ ವರ್ಷಕ್ಕೆ 0.2 ಮಿಲಿಮೀಟರ್‌ವರೆಗೆ ಮೂಳೆ ಸವೆತವನ್ನು ಹಿಂದಿನಿಂದಲೂ ಸಹಜವೆಂದೇ ಎಣಿಸಿದ್ದಾರೆ. ಅದನ್ನು ಅಳೆಯಲು ಕ್ರೌನ್ ಕೂರಿಸಿದ ದಿನದ ಎಕ್ಸ್‌ರೇ ಬೇಕು. ಅದರ ಪ್ರತಿಯನ್ನು ಅಂದೇ ಇಸಿದುಕೊಳ್ಳಿ.