‘ಸು’ ಎಂಬಲ್ಲಿ ನಿಂತ ತೋರಣ

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಸಜ್ಜೆಯ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸಿದಾಗ, ಸುತ್ತಿಟ್ಟ ಹಳೆಯ ಹಾಸಿಗೆಗಳ ಹಿಂದಿನಿಂದ ಒಂದು ದೊಡ್ಡ ಚೀಲ ಹೊರಬಂದಿತು. ಬಾಯಿ ಬಿಚ್ಚುವ ಮೊದಲೇ ಅದರೊಳಗೆ ಏನಿದೆಯೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದ ಕಾರಣಕ್ಕೇ ಅದು ಅಷ್ಟು ಹಿಂದಕ್ಕೆ ಸರಿದಿತ್ತು. ತೋಳಿಲ್ಲದ ಮರೂನ್ ಸ್ವೆಟರ್, ಅಕ್ಕನ ಮೊಮ್ಮಗನಿಗೆಂದು ಶುರುಮಾಡಿದ ಕೂಸಿನ ಅಂಗಿ (ಆ ಕೂಸು ಈಗ ಸೈಕಲ್ಲಿನಲ್ಲಿ ಟ್ಯೂಷನ್ನಿಗೆ ಹೋಗುತ್ತದೆ), ಒಂಟಿ ಸಾಕ್ಸು, ಒಂದಕ್ಕೊಂದು ಸೇರದ 63 ಕ್ರೋಷಾ ಚೌಕಗಳು, ಬಾಗಿಲ ತೋರಣದ ಒಂದು ತುದಿ, ಎಲ್ಲಕ್ಕಿಂತ ಕೆಳಗೆ ಹಳೆಯ ಪಂಚೆಯಲ್ಲಿ ಸುತ್ತಿದ್ದ ನಮ್ಮತ್ತೆಯವರ ಶಾಲು. ಎಲ್ಲವನ್ನೂ ಮಂಚದ ಮೇಲೆ ಹರಡಿದೆ. ಬಣ್ಣ ಹೊಡೆಯುವವರು ಆ ಕೋಣೆಗೆ ಬರುವವರೆಗೆ, ಅಂದರೆ ಎರಡು ದಿನ, ಅವು ಹಾಗೆಯೇ ಇದ್ದವು.

ಅರ್ಧಕ್ಕೆ ಬಿಟ್ಟ ಕೆಲಸವನ್ನು ಕಂಡವರೆಲ್ಲ ಸೋಮಾರಿತನ ಎನ್ನುತ್ತಾರೆ; ನಾನೂ ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಆದರೆ ಆ ಮರೂನ್ ಸ್ವೆಟರಿನ ಹಿಂಭಾಗದಲ್ಲಿ ಸಾಲಿಗೆ 120 ಕುಣಿಕೆಗಳಂತೆ 190 ಸಾಲುಗಳಿವೆ, ಮುಂಭಾಗವೂ ಹೆಚ್ಚುಕಡಿಮೆ ಅಷ್ಟೇ. ಕಂಕುಳು ಮತ್ತು ಕೊರಳಿನ ಇಳಿತಗಳನ್ನು ಕಳೆದರೂ ಒಟ್ಟು 40 ಸಾವಿರ ಕುಣಿಕೆಗಳಿಗೆ ಕಡಿಮೆಯಿಲ್ಲ. ಸೋಮಾರಿಯಾದವಳು 40 ಸಾವಿರ ಕುಣಿಕೆ ಹಾಕುವುದಿಲ್ಲ. ಒಂದೊಂದನ್ನೇ ಕೈಗೆತ್ತಿಕೊಂಡು ಅದು ಎಲ್ಲಿ ನಿಂತಿದೆಯೆಂದು ನೋಡುತ್ತ ಹೋದಾಗ, ಯಾವುದೂ ಕೈ ಸೋತಲ್ಲಿ ನಿಂತಿರಲಿಲ್ಲವೆಂಬುದು ಕಾಣಿಸಿತು. ಕಡ್ಡಿಗಳು ತಮ್ಮಷ್ಟಕ್ಕೆ ಆಡುವ ಭಾಗ ಮುಗಿದು, ಅಳೆಯಬೇಕಾದ, ಲೆಕ್ಕ ಹಾಕಬೇಕಾದ, ಇಲ್ಲವೇ ತಪ್ಪನ್ನು ಒಪ್ಪಿಕೊಳ್ಳಬೇಕಾದ ಜಾಗ ಬಂದ ಕೂಡಲೇ ಪ್ರತಿಯೊಂದೂ ಚೀಲ ಸೇರಿತ್ತು.

ಬೆಂಗಳೂರಿನ ಹವೆಯ ಪಾಲೂ ಇದರಲ್ಲಿದೆ ಎನ್ನದಿದ್ದರೆ ನನಗೇ ಅನ್ಯಾಯವಾಗುತ್ತದೆ. 1884ರ ಜನವರಿಯಲ್ಲಿ ಈ ಊರಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತಂತೆ. ಆ ದಾಖಲೆ ಇಂದಿಗೂ ಮುರಿದಿಲ್ಲ. ನಮ್ಮ ಕಾಲದ ಚಳಿಯಾದರೋ ದೀಪಾವಳಿ ಕಳೆದ ಮೇಲೆ ಆಸೆ ಹುಟ್ಟಿಸಿ, ಶಿವರಾತ್ರಿಗೆ ಶಿವಶಿವಾ ಎಂದು ಹೊರಟುಹೋಗುವಂಥದ್ದು. ಸ್ವೆಟರಿನ ಬೆನ್ನು ಮುಗಿಯುವಷ್ಟರಲ್ಲಿ ಸಂಕ್ರಾಂತಿ, ಎದೆಯ ಭಾಗ ಮುಗಿಯುವಷ್ಟರಲ್ಲಿ ಶಿವರಾತ್ರಿ. ಆಮೇಲೆ ಉಲ್ಲನ್ನನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದಕ್ಕೂ ಆಗದ ಸೆಕೆ. ತೋಳುಗಳ ಪಾಲಿಗೆ ಚಳಿಗಾಲವೇ ಬರುವುದಿಲ್ಲ.

ಆ ಸ್ವೆಟರನ್ನು ನಮ್ಮ ಯಜಮಾನರಿಗೆಂದು 2009ರಲ್ಲಿ ಆರಂಭಿಸಿದ್ದೆ. ಅದು ನಿಂತದ್ದು ಬಣ್ಣದ ಕಾರಣಕ್ಕೆ. ಉಲ್ಲನ್ನಿಗೆ ಕಾರ್ಖಾನೆಯಲ್ಲಿ ಒಂದು ಹಂಡೆಯಿಂದ ಇನ್ನೊಂದು ಹಂಡೆಗೆ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ. ಅದಕ್ಕಾಗಿಯೇ ಉಂಡೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯನ್ನೂ ಮುದ್ರಿಸಿರುತ್ತಾರೆ. ಬೇಕಾಗುವುದಕ್ಕಿಂತ ಒಂದೆರಡು ಉಂಡೆ ಹೆಚ್ಚಾಗಿ, ಒಂದೇ ಲಾಟಿನದನ್ನು, ಒಮ್ಮೆಗೇ ಕೊಳ್ಳಬೇಕೆಂದು ನನಗೆ ಹೆಣಿಗೆ ಕಲಿಸಿದವರು ಹೇಳಿಯೇ ಇದ್ದರು. ನಾನು ಎರಡು ಉಂಡೆ ಕಡಿಮೆ ಕೊಂಡಿದ್ದೆ. ಮತ್ತೆ ಚಿಕ್ಕಪೇಟೆಗೆ ಹೋಗಿ ಅದೇ ಬಣ್ಣವೆಂದು ತಂದದ್ದು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮರೂನಾಗಿಯೇ ಇತ್ತು. ಮನೆಯ ಅಂಗಳದ ಬಿಸಿಲಿನಲ್ಲಿ ಬೀಟ್‌ರೂಟ್ ಬಣ್ಣವಾಗಿತ್ತು. ನಾನು ಬೆನ್ನನ್ನೂ ಎದೆಯನ್ನೂ ಮಡಿಸಿ ಚೀಲಕ್ಕೆ ಹಾಕಿದ್ದು ಅಂದೇ.

ಈಗ ನನ್ನಲ್ಲಿ ಹಳೆಯ ಲಾಟಿನ ತಲಾ 50 ಗ್ರಾಮಿನ ಎರಡೇ ಉಂಡೆಗಳಿದ್ದವು. ಹೊಂದಿಸಲಾಗದ ಬಣ್ಣವನ್ನು ಹೊಂದಿಸಲು ಹೆಣಗುವುದಕ್ಕಿಂತ ಬೇರೆಯದೇ ಬಣ್ಣವನ್ನು ಬೇಕೆಂದೇ ತಂದಂತೆ ಕಾಣಿಸುವುದು ಮೇಲೆಂದು ಬೂದುಬಣ್ಣದ ಉಲ್ಲನ್ ತಂದು, ತೋಳುಗಳಿಗೆ ಎರಡು ಸಾಲು ಮರೂನ್, ಎರಡು ಸಾಲು ಬೂದು ಎಂದು ಪಟ್ಟೆ ಹಾಕಲು ನಿರ್ಧರಿಸಿದೆ. ಇದರಿಂದ ಮರೂನಿನ ಖರ್ಚು ಅರ್ಧಕ್ಕೆ ಇಳಿಯಿತು.

ಆದರೆ ಹೊಸ ತೊಡಕೊಂದು ಕಾದಿತ್ತು. ಹೆಣಿಗೆಯವರ ಕೈಗೂ ವಯಸ್ಸಾಗುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಹಳೆಯ ಭಾಗದ ಮೇಲೆ ಅಳತೆಪಟ್ಟಿ ಇಟ್ಟು ಎಣಿಸಿದರೆ 10 ಸೆಂಟಿಮೀಟರಿಗೆ 24 ಕುಣಿಕೆಗಳು. ಅದೇ 8ನೇ ನಂಬರಿನ ಕಡ್ಡಿಯಲ್ಲಿ, ಅದೇ ಉಲ್ಲನ್ನಿನಲ್ಲಿ ಈಗ ಅಂಗೈಯಗಲದ ತುಂಡೊಂದನ್ನು ಹೆಣೆದು ನೋಡಿದರೆ 21. ಅಂದು ಎರಡು ಚಿಕ್ಕ ಮಕ್ಕಳ ನಡುವೆ, ಬಸ್ಸಿನಲ್ಲಿ, ಕುಕ್ಕರಿನ ಕೂಗು ಎಣಿಸುತ್ತ ಹೆಣೆಯುತ್ತಿದ್ದವಳ ಕೈ ಬಿಗಿಯಾಗಿತ್ತು, ಇಂದು ಸಡಿಲವಾಗಿದೆ. ಮೂರು ಕುಣಿಕೆ ತಾನೇ ಎಂದು ಬಿಡುವಂತಿಲ್ಲ. ತೋಳಿನ ಮೇಲ್ಭಾಗಕ್ಕೆ ಬೇಕಾದ 96 ಕುಣಿಕೆಗಳು ಹಳೆಯ ಕೈಯಲ್ಲಿ 40 ಸೆಂಟಿಮೀಟರ್ ಆಗುತ್ತಿದ್ದವು, ಹೊಸ ಕೈಯಲ್ಲಿ ಸುಮಾರು 46 ಆಗುತ್ತವೆ. ಹೆಗಲಿನಲ್ಲಿ ತೋಳು ಬುಟ್ಟಿಯಂತೆ ಉಬ್ಬಿ ನಿಲ್ಲುತ್ತದೆ. ಉಪಾಯವೆಂದರೆ ಕಡ್ಡಿಯನ್ನು ತೆಳ್ಳಗೆ ಮಾಡಿಕೊಳ್ಳುವುದು. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25. ಅಮೆರಿಕದವರ ಲೆಕ್ಕ ಇದಕ್ಕೆ ತಲೆಕೆಳಗು, ಅವರ 8 ಎಂದರೆ 5 ಮಿಲಿಮೀಟರ್. ಯೂಟ್ಯೂಬ್ ನೋಡಿ ಕಲಿಯುವ ಹುಡುಗಿಯರು ಎಡವುವುದು ಇಲ್ಲಿಯೇ. 9ನೇ ನಂಬರಿನಲ್ಲಿ ನನಗೆ ಇನ್ನೂ ಸಡಿಲವೆನಿಸಿತು, 10ರಲ್ಲಿ 24 ಸರಿಯಾಗಿ ಕುಳಿತಿತು.

ಇಷ್ಟರಲ್ಲಿ ಸ್ವೆಟರ್ ತೊಡಬೇಕಾದವರೂ 2009ರಲ್ಲಿದ್ದಂತೆ ಉಳಿದಿರಲಿಲ್ಲ. ಹೊಟ್ಟೆಯ ಸುತ್ತಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದೃಷ್ಟಕ್ಕೆ ಪಕ್ಕಗಳನ್ನು ಇನ್ನೂ ಹೊಲಿದಿರಲಿಲ್ಲವಾದ್ದರಿಂದ, ನಾಲ್ಕು ಸೆಂಟಿಮೀಟರ್ ಅಗಲದ ಬೂದು ಪಟ್ಟಿಯೊಂದನ್ನು ಸೊಂಟದ ಅಂಚಿನಿಂದ ಕಂಕುಳಿನವರೆಗೆ, ಅಲ್ಲಿಂದ ತೋಳಿನ ಅಡಿಯಲ್ಲಿ ಮಣಿಕಟ್ಟಿನವರೆಗೆ ಹಾಯಿಸಿ, ಎರಡೂ ಬದಿಗೆ ಸೇರಿಸಿದೆ. ಹದಿನೈದು ವರ್ಷದ ಹಿಂದೆ ಮುಗಿಸಿದ್ದರೆ ಈ ಅವಕಾಶವೇ ಇರುತ್ತಿರಲಿಲ್ಲ ಎಂದು ಅವರಿಗೆ ಹೇಳಿದೆ. ಅವರು ತೊಟ್ಟುಕೊಂಡು ಕನ್ನಡಿಯ ಮುಂದೆ ಹಿಂದೆಮುಂದೆ ತಿರುಗಿ, ‘ಜೇಬೆಲ್ಲಿ?’ ಎಂದರು.

ಸಾಕ್ಸಿನ ಕಥೆ ಚಿಕ್ಕದು. ಮೊದಲನೆಯದನ್ನು ಮುಗಿಸಿದವಳಿಗೆ ಎರಡನೆಯದರಲ್ಲಿ ಕಲಿಯುವುದೇನೂ ಉಳಿದಿರುವುದಿಲ್ಲ; ಇಂಗ್ಲಿಷ್ ಹೆಣಿಗೆಗಾರರು ಇದಕ್ಕೊಂದು ಕಾಯಿಲೆಯ ಹೆಸರನ್ನೇ ಇಟ್ಟಿದ್ದಾರೆ. ನಾನು ಜೋಡಿ ಮಾಡಲಿಲ್ಲ. ಅದೀಗ ಮೊಬೈಲಿನ ಚೀಲವಾಗಿದೆ. ಕೂಸಿನ ಅಂಗಿಯನ್ನು ಪೂರ್ತಿ ಬಿಚ್ಚಿಬಿಟ್ಟೆ, ಅದೂ ಒಂದು ಬಗೆಯ ಮುಗಿಸುವಿಕೆಯೇ. ಬಿಚ್ಚಿದ ಎಳೆ ಶ್ಯಾವಿಗೆಯಂತೆ ಸುರುಳಿಗಟ್ಟಿರುತ್ತದೆ, ಹಾಗೆಯೇ ಮತ್ತೆ ಹೆಣೆದರೆ ಕುಣಿಕೆಗಳು ಸಮನಾಗಿ ಕೂರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ತೂಗುಹಾಕಿದರೆ ಸುರುಳಿ ಬಹುಮಟ್ಟಿಗೆ ಬಿಡುತ್ತದೆ.

63 ಚೌಕಗಳು ನಿಂತಿದ್ದ ಕಾರಣ ನನಗೆ ನಾಚಿಕೆ ತರಿಸುವಂಥದ್ದು. ಪ್ರತಿ ಚೌಕದಲ್ಲಿ ನಾಲ್ಕು ಸುತ್ತು, ಸುತ್ತಿಗೊಂದು ಬಣ್ಣ. ಬಣ್ಣವೊಂದಕ್ಕೆ ಮೊದಲಿನ ಮತ್ತು ಕೊನೆಯ ಎರಡು ಬಾಲಗಳಂತೆ ಚೌಕಕ್ಕೆ ಎಂಟು, ಒಟ್ಟು 504 ದಾರದ ಬಾಲಗಳು. ಅವನ್ನೆಲ್ಲ ದಬ್ಬಣದಿಂದ ಹೆಣಿಗೆಯೊಳಗೆ ಅಡಗಿಸಬೇಕು. ಆಯಾ ಸುತ್ತು ಮುಗಿದಾಗಲೇ ಅಡಗಿಸಿದ್ದರೆ ಅದು ಕೆಲಸವೇ ಅಲ್ಲ. 2016ರಲ್ಲಿ ಚೆನ್ನೈಯಲ್ಲಿ ಸಾವಿರಾರು ಮಹಿಳೆಯರ ಕೈಕೆಲಸವನ್ನು ಜೋಡಿಸಿ 11,148.5 ಚದರ ಮೀಟರಿನ ಕ್ರೋಷಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದ ಸುದ್ದಿಯನ್ನು ಓದಿದಾಗ, ದಾಖಲೆಗಿಂತ ಮೊದಲು ನನ್ನ ಮನಸ್ಸಿಗೆ ಬಂದದ್ದು ಆ ಬಾಲಗಳನ್ನೆಲ್ಲ ಯಾರು ಅಡಗಿಸಿದರೋ ಎಂಬ ಪ್ರಶ್ನೆ. ನಾನು ದಿನಕ್ಕೆ ಎರಡು ಚೌಕದಂತೆ, ಸಂಜೆಯ ವಾರ್ತೆ ಕೇಳುತ್ತ, ಒಂದು ತಿಂಗಳಲ್ಲಿ ಆ ಕೆಲಸ ಮುಗಿಸಿದೆ. ಅಡ್ಡಕ್ಕೆ ಏಳು, ಉದ್ದಕ್ಕೆ ಒಂಬತ್ತು ಜೋಡಿಸಿದ ಹೊದಿಕೆ ಈಗ ಮಗಳ ಮನೆಯಲ್ಲಿದೆ.

ನಮ್ಮತ್ತೆಯವರ ಶಾಲನ್ನು ಮಾತ್ರ ಬಹಳ ದಿನ ಮುಟ್ಟಲಿಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷಗಳಾದವು. ಅದು ಅಚ್ಚ ಉಣ್ಣೆಯದು. ನುಸಿಯ ಮರಿಹುಳುಗಳು ಎರಡು ಕಡೆ ತಿಂದು ತೂತು ಮಾಡಿದ್ದವು. (ಪಕ್ಕದಲ್ಲಿದ್ದ ಅಕ್ರಿಲಿಕ್ಕನ್ನು ಅವು ಮೂಸಿಯೂ ನೋಡಿರಲಿಲ್ಲ. ಕೂದಲು, ಉಣ್ಣೆಗಳಲ್ಲಿರುವ ಕೆರಾಟಿನ್ ಅವುಗಳ ಆಹಾರ, ಪ್ಲಾಸ್ಟಿಕ್ಕಿನ ಎಳೆಯಲ್ಲಿ ಅದು ಎಲ್ಲಿಂದ ಬರಬೇಕು!) ಶಾಲಿನೊಳಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆಯೊಂದನ್ನು ಮಡಿಸಿಟ್ಟಿದ್ದರು. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ‘ಕಂ 3, ಸ 2, ಬಿ 2’ ಎಂದು ಬರೆದಿತ್ತು. ಮೊದಲಿಗೆ ಅದು ಹಾಲಿನ ಲೆಕ್ಕವೆಂದು ತಿಳಿದೆ. ಶಾಲಿನ ಮೇಲೆ ಬೆರಳಿಟ್ಟು ಎಣಿಸುತ್ತ ಹೋದ ಮೇಲೆ ಗೊತ್ತಾಯಿತು: ‘ಕಂ’ ಎಂದರೆ ಕಂಬ, ಅಂದರೆ ಕ್ರೋಷಾದ ಎತ್ತರದ ಹೊಲಿಗೆ; ‘ಸ’ ಎಂದರೆ ಸರಪಳಿ, ಒಂದರೊಳಗಿಂದ ಒಂದು ಎಳೆದ ಬರಿಯ ಕುಣಿಕೆ; ‘ಬಿ’ ಎಂದರೆ ಬಿಡು. ಮೂರು ಕಂಬ, ಎರಡು ಸರಪಳಿ, ಕೆಳಗಿನ ಸಾಲಿನ ಎರಡನ್ನು ಬಿಟ್ಟು ಮತ್ತೆ ಮೂರು ಕಂಬ. ಅವರು ಇಂಗ್ಲಿಷ್ ಓದಿದವರಲ್ಲ, ಮಾದರಿ ಪುಸ್ತಕ ಇಟ್ಟುಕೊಂಡವರಲ್ಲ. ಆದರೂ ಅವರ ಬರಹದಲ್ಲಿ ಗೊಂದಲವಿಲ್ಲ. ಇಂಗ್ಲಿಷಿನಲ್ಲಾದರೆ ಡಬಲ್ ಕ್ರೋಷೆ ಎಂಬುದು ಬ್ರಿಟಿಷರಿಗೆ ಒಂದು ಹೊಲಿಗೆ, ಅಮೆರಿಕದವರಿಗೆ ಅದಕ್ಕಿಂತ ಎತ್ತರದ ಇನ್ನೊಂದು. ಬ್ರಿಟಿಷರ ಟ್ರೆಬಲ್ ಅಮೆರಿಕದವರ ಡಬಲ್. ಪುಸ್ತಕ ಯಾವ ದೇಶದ್ದೆಂದು ನೋಡದೆ ಶುರುಮಾಡಿದರೆ ಇಡೀ ಕೆಲಸದ ಎತ್ತರವೇ ಬದಲಾಗುತ್ತದೆ. ನಮ್ಮತ್ತೆಯವರ ಕಂಬ ಎಲ್ಲಿ ನೋಡಿದರೂ ಕಂಬವೇ.

ಅಗಲಿದವರ ಕೈಕೆಲಸವನ್ನು ಬೇರೆಯವರು ಮುಗಿಸಬಹುದೇ ಎಂಬ ಹಿಂಜರಿಕೆ ನನ್ನೊಬ್ಬಳದೇ ಅಲ್ಲ. ಅಮೆರಿಕದಲ್ಲಿ ಜೆನ್ನಿಫರ್ ಸಿಮೋನಿಕ್ ಮತ್ತು ಮೇಸಿ ಕ್ಯಾಪ್ಲನ್ ಎಂಬ ಇಬ್ಬರು ಗೆಳತಿಯರು 2022ರಲ್ಲಿ ‘ಲೂಸ್ ಎಂಡ್ಸ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದ್ದಾರೆ. ತೀರಿಕೊಂಡವರು, ಇಲ್ಲವೇ ಕಾಯಿಲೆಯಿಂದ ಕೈಲಾಗದವರು ಬಿಟ್ಟ ಹೆಣಿಗೆಯನ್ನು ಮನೆಯವರು ಕೊಟ್ಟರೆ, ಆ ಕೆಲಸ ಬಲ್ಲ ಸ್ವಯಂಸೇವಕರು ಅದನ್ನು ಪೂರ್ತಿಗೊಳಿಸಿ ಹಿಂದಿರುಗಿಸುತ್ತಾರೆ, ಹಣ ಪಡೆಯುವುದಿಲ್ಲ. ಅದನ್ನು ತಿಳಿದ ಮೇಲೆ ನನಗೆ ಧೈರ್ಯ ಬಂದಿತು. ಪರಿಚಯವೇ ಇಲ್ಲದವರು ಮಾಡಬಹುದಾದರೆ ಇಪ್ಪತ್ತು ವರ್ಷ ಅದೇ ಅಡುಗೆಮನೆಯಲ್ಲಿ ಬೈಸಿಕೊಂಡವಳು ಮಾಡಬಾರದೇಕೆ? ಹುಳುವೇನಾದರೂ ಉಳಿದಿದ್ದರೆ ಸಾಯಲೆಂದು ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಟ್ಟೆ. ಆ ದಿನಗಳಲ್ಲಿ ಐಸ್ ಟ್ರೇಗೆ ಜಾಗವಿಲ್ಲದೆ ಮನೆಯಲ್ಲಿ ಸಣ್ಣ ಗಲಾಟೆಯೂ ನಡೆಯಿತು. ಅವರೇ ಉಳಿಸಿದ್ದ ಚಿಕ್ಕ ಉಂಡೆಯಿಂದ ತೂತುಗಳನ್ನು ತುಂಬಿ, ಹನ್ನೆರಡು ಸಾಲು ಸೇರಿಸಿ ಅಂಚು ಕಟ್ಟಿದೆ. ಅವರ ಕೈ ನನಗಿಂತ ಬಿಗಿ. ಇಲ್ಲಿ ನಾನು ಕಡ್ಡಿ ಬದಲಿಸಲಿಲ್ಲ. ಅವರ ಸಾಲು ಮುಗಿದು ನನ್ನದು ಶುರುವಾಗುವಲ್ಲಿ ಶಾಲು ಒಂದು ಬೆರಳಿನಷ್ಟು ಅಗಲವಾಗುತ್ತದೆ, ಗೊತ್ತಿದ್ದು ಹಾಗೆಯೇ ಬಿಟ್ಟಿದ್ದೇನೆ.

ಉಳಿದದ್ದು ತೋರಣ. ಬಿಳಿಯ ಹತ್ತಿ ದಾರದಲ್ಲಿ, ಖಾಲಿ ಚೌಕ ಮತ್ತು ತುಂಬಿದ ಚೌಕಗಳ ಜಾಲಿಯಿಂದ ‘ಸುಸ್ವಾಗತ’ ಎಂಬ ಅಕ್ಷರಗಳನ್ನು ಮೂಡಿಸುವುದು ನನ್ನ ಆಸೆಯಾಗಿತ್ತು. ಗ್ರಾಫ್ ಹಾಳೆಯಲ್ಲಿ ಅಕ್ಷರಗಳನ್ನು ಬರೆದುಕೊಂಡು, ಎಡತುದಿಯಲ್ಲೊಂದು ದೀಪ ಮಾಡಿ, ‘ಸು’ ಮುಗಿಸಿ, ‘ಸ್ವಾ’ ಅರ್ಧಕ್ಕೆ ಬಂದಾಗಲೇ ಕಣ್ಣಿಗೆ ಬಿದ್ದದ್ದು: ವಕಾರದ ಒತ್ತು ಇಳಿಯಲು ಕೆಳಗೆ ಜಾಗವೇ ಇಲ್ಲ, ಅದು ಅಂಚಿನ ಪಟ್ಟಿಗೆ ಬಡಿಯುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆ ಈ ರಗಳೆಯಿಲ್ಲ, ಎಲ್ಲವೂ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ನಮ್ಮ ಒತ್ತಕ್ಷರಕ್ಕೆ ನೆಲಮಾಳಿಗೆ ಬೇಕು. ಮೊದಲಿನಿಂದ ಬಿಚ್ಚಲು ಮನಸ್ಸಾಗದೆ ಅಂದು ಮಡಿಸಿಟ್ಟಿದ್ದೆ. ಈ ಬಾರಿ ಪರಿಹಾರ ಸಿಕ್ಕಿದ್ದು ಯಾರದೋ ಮದುವೆಯ ಕರೆಯೋಲೆಯಲ್ಲಿ, ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬ ಸಾಲಿನಲ್ಲಿ. ‘ಸುಖಾಗಮನ’ ಎಂಬುದರಲ್ಲಿ ಒಂದೇ ಒಂದು ಒತ್ತಿಲ್ಲ, ಆರಂಭವೂ ‘ಸು’ವಿನಿಂದಲೇ! ಅರ್ಧ ‘ಸ್ವಾ’ವನ್ನಷ್ಟೇ ಬಿಚ್ಚಿದರೆ ಸಾಕು. ಒಂದಕ್ಷರ ಹೆಚ್ಚಾದ್ದರಿಂದ ಮೂರೂವರೆ ಅಡಿ ಬಾಗಿಲಿಗೆ ಹೊಂದಿಸಲು ಬಲತುದಿಯ ದೀಪವನ್ನು ಕೈಬಿಡಬೇಕಾಯಿತು.

ಈ ಬರಹ ಬರೆಯುವ ಹೊತ್ತಿಗೆ ತೋರಣ ‘ಸುಖಾಗ’ ಎಂಬಲ್ಲಿಗೆ ಬಂದಿದೆ. ಮೊನ್ನೆ ಮನೆಗೆ ಬಂದ ಅಕ್ಕ ಅದನ್ನು ಬೆಳಕಿಗೆ ಹಿಡಿದು ಓದಿ, ‘ಇದು ಯಾವ ದೇವರ ಹೆಸರೇ?’ ಎಂದು ಕೇಳಿದಳು.